ಚೀಟಿ ಕಟ್ಟಿದ ಪೈಲ್ವಾನ

ಕಾರಿನ ಕತೆ ಹೇಳಲು ಹೊರಟಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಾರಿನ ಬಾನೆಟ್ ಯಾವ ಕಡೆಯಿಂದ ತೆರೆದುಕೊಳ್ಳುತ್ತದೆ ಎಂದು ನನಗೆ ತಿಳಿದದ್ದೇ ಈ ಕತೆ ನಡೆದ ದಿನ. ತಿಳಿದವರು ಯಾರಾದರೂ ಬರೆದಿದ್ದರೆ ಚೆನ್ನಾಗಿತ್ತು. ಆದರೆ ತಿಳಿದವರೆಲ್ಲ ಆ ದಿನ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು; ಬೀದಿಯ ಗೋಡೆಗೆ ಒರಗಿ ಸುಮ್ಮನೆ ನೋಡಿದವರಲ್ಲಿ ನಾನೊಬ್ಬ. ಹೀಗಾಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲಾದರೂ ನಟ್ಟು ಬೋಲ್ಟು ಅದಲುಬದಲಾಗಿದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ಎಲ್ಲದಕ್ಕೂ ಕಾರಣ ಚೀಟಿ. ಅಂಗೈಯಗಲದ, ಮೂಲೆಯಲ್ಲಿ ತೂತಿರುವ, ಗಟ್ಟಿ ಕಾಗದದ ಚೀಟಿ.

ನಮ್ಮ ಬೀದಿಯ ಗುಮಾಸ್ತರು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾರೆ. ಹಗಲೆಲ್ಲ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಿ, ಸಂಜೆ ಮನೆಗೆ ಬಂದು ಉಳಿದದ್ದಕ್ಕೆಲ್ಲ ಅಂಟಿಸುತ್ತಾರೆ. ಅವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’ ಎಂದಿದೆ. ಮುಚ್ಚಳದ ಮೇಲೆ ‘ಉಪ್ಪಿನ ಡಬ್ಬಿಯ ಮುಚ್ಚಳ’ ಎಂದಿದೆ. ಬೀದಿ ಅವರಿಗೆ ಚೀಟಿರಾಯರು ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನಿಲ್ಲ.

ಈ ಚೀಟಿರಾಯರ ಮಾವನ ಹತ್ತಿರ ಒಂದು ಹಳೆಯ ಕಾರಿತ್ತು. ಎರಡೇ ಬಾಗಿಲು, ಮಾರುದ್ದದ ಮೂತಿ, ಎಂಟು ಸಿಲಿಂಡರಿನ ಎಂಜಿನ್ನು. ಓದಿದವರು ಅದನ್ನು ಮಸಲ್ ಕಾರ್ ಎನ್ನುತ್ತಾರೆ. ನಮ್ಮ ಬೀದಿ ಪೈಲ್ವಾನ ಎಂದಿತು. ಮಾವ ಹರೆಯದಲ್ಲಿ ಅದನ್ನು ಓಡಿಸಿ ಮೆರೆದು, ಆಮೇಲೆ ಮರದ ಕೆಳಗೆ ನಿಲ್ಲಿಸಿ ಮರೆತಿದ್ದರು. ಇಪ್ಪತ್ತು ವರ್ಷಗಳಲ್ಲಿ ಪೈಲ್ವಾನನ ಸೀಟಿನಲ್ಲಿ ಗುಬ್ಬಿ ಸಂಸಾರ ಹೂಡಿತ್ತು, ಸೈಲೆನ್ಸರಿನಲ್ಲಿ ಇಲಿ. ಐದು ವರ್ಷದ ಹಿಂದೆ ಒಂದು ದಿನ ಮಾವ ಇಬ್ಬರು ಅಳಿಯಂದಿರನ್ನೂ ಕರೆದು ಒಂದು ಕಾಗದ ಬರೆದರು: ‘ಈ ನನ್ನ ಕಾರನ್ನು ಐದು ವರ್ಷದೊಳಗೆ ಎಬ್ಬಿಸಿ, ಇದು ಅದೇ ಕಾರು ಎಂದು ಹಳೇ ಕಾರುಗಳ ಸಂಘದಿಂದ ಬರೆಸಿಕೊಂಡವನಿಗೆ ಕಾರು ಸೇರತಕ್ಕದ್ದು. ಯಾರಿಂದಲೂ ಆಗದಿದ್ದರೆ ಕಿರಿಯ ಅಳಿಯ ಒಯ್ಯತಕ್ಕದ್ದು.’

ಕಿರಿಯ ಅಳಿಯ, ಎಂದರೆ ರಾಯರ ಷಡ್ಡಕ, ಗಿಡಗಳ ನರ್ಸರಿ ಇಟ್ಟಿದ್ದ. ಅವನು ಕಾರನ್ನು ಕಣ್ಣಲ್ಲೇ ಅಳೆದು, “ನನ್ನದೇನೂ ಆತುರ ಇಲ್ಲ ಭಾವ. ಐದು ವರ್ಷ ಆದ್ಮೇಲೆ ಬರ್ತೀನಿ. ಬಾನೆಟ್ ಕಿತ್ತು, ಒಳಗೆ ಮಣ್ಣು ತುಂಬಿ, ಗುಲಾಬಿ ನೆಟ್ಟು ಗೇಟಿನ ಹತ್ರ ನಿಲ್ಲಿಸ್ತೀನಿ. ಗಿರಾಕಿಗಳು ಫೋಟೋ ತೆಗೆಸ್ಕೋತಾರೆ,” ಅಂದ. ಮಾವ ಹಿರಿಯ ಅಳಿಯನ ಕಡೆ ತಿರುಗಿ, “ನಿಮ್ಮ ಕೈಲಿ ಒಂದು ಬಲ್ಬು ಬದಲಾಯಿಸೋಕೂ ಆಗಲ್ಲ ಅಳಿಯಂದ್ರೇ,” ಎಂದು ನಕ್ಕರು. ಆ ಗುಲಾಬಿ ಮತ್ತು ಆ ಬಲ್ಬು ಎರಡೂ ಚೀಟಿರಾಯರ ಎದೆಯಲ್ಲಿ ಮುಳ್ಳಿನಂತೆ ಕೂತವು.

ಕಾರನ್ನು ತಮ್ಮ ಮನೆಯ ಶೆಡ್ಡಿಗೆ ಎಳೆಸಿಕೊಂಡು ಬಂದು, ಐದು ವರ್ಷ ಅವರು ಅಲ್ಲೇ ಬದುಕಿದರು. ತುಕ್ಕನ್ನು ಒಂದು ಕಡೆ ಕೆರೆದರೆ ಪಕ್ಕದಲ್ಲಿ ತೂತು. ತೂತಿಗೆ ತೇಪೆ ಹಾಕಲು ಹೋದರೆ ಇಡೀ ತಗಡೇ ಕೈಗೆ. ಕೊನೆಗೆ ಕೆಟ್ಟದ್ದನ್ನೆಲ್ಲ ತೆಗೆದು ಹೊಸದು ಹಾಕುವುದೆಂದು ನಿರ್ಧರಿಸಿದರು. ಮಡ್‌ಗಾರ್ಡು, ಬಾಗಿಲು, ನೆಲದ ತಗಡು, ಕೊನೆಗೆ ಚಾಸಿ ಎಂಬ ಅಡಿಯ ಚೌಕಟ್ಟೂ ಹೊಸದಾದವು. ಎಂಜಿನ್ನಿನ ಬ್ಲಾಕಿನಲ್ಲಿ ಕೂದಲೆಳೆಯ ಬಿರುಕಿತ್ತು. ಬೇರೆ ಬ್ಲಾಕು ತರಿಸಿ, ಅದಕ್ಕೆ ಹೊಸ ಪಿಸ್ಟನ್ನು, ಹೊಸ ರಿಂಗು, ಹೊಸ ಬೇರಿಂಗು ಕೂಡಿಸಿದರು. ಬಿಚ್ಚಿದ ಪ್ರತಿಯೊಂದು ಹಳೇ ಭಾಗಕ್ಕೂ ತಂತಿಯಲ್ಲಿ ಒಂದು ಚೀಟಿ ಕಟ್ಟಿದರು: ಕ್ರಮಸಂಖ್ಯೆ, ಹೆಸರು, ಎಲ್ಲಿತ್ತು, ಯಾವುದರ ಮೇಲೆ ಕೂತಿತ್ತು, ಯಾವ ಬೋಲ್ಟು, ಎಷ್ಟು ಬಿಗಿ, ಏನು ರೋಗ. ಕಟ್ಟಿದ ಮೇಲೆ ಗುಜರಿಗೆ ಕೊಟ್ಟರು.

“ಎಸೆಯೋ ಸಾಮಾನಿಗೆ ಯಾಕ್ರೀ ಜಾತಕ ಬರೀತೀರಾ?” ಎಂದು ಹೆಂಡತಿ ಕೇಳಿದ್ದುಂಟು.

“ಯಾರಾದ್ರೂ ಗೊತ್ತಿಲ್ದೆ ಮತ್ತೆ ಕಾರಿಗೆ ಹಾಕಿಬಿಟ್ರೆ ಕಷ್ಟ ಕಣೇ.”

ಗಡುವಿನ ಕೊನೆಯ ದಿನ ಬಂತು. ಸಂಘದ ತಪಾಸಕರು ಸಂಜೆ ನಾಲ್ಕಕ್ಕೆ ಬರುವುದಾಗಿ ಪತ್ರ ಬರೆದಿದ್ದರು. ರಾಯರು ಬೆಳಿಗ್ಗೆಯಿಂದ ಆ ಪತ್ರವನ್ನು ಏಳು ಸಲ ಓದಿದ್ದರು.

“ಇಲ್ಲಿ ನೋಡೇ, ‘ನಿಮ್ಮ ಎರಡೂ ಅರ್ಜಿಗಳು ತಲುಪಿವೆ’ ಅಂತ ಇದೆ. ನಾನು ಕಳಿಸಿದ್ದು ಒಂದೇ.”

“ರಾತ್ರಿ ಬೀಗ ಹಾಕಿ ಮೂರು ಸಲ ಎಳೆದು ನೋಡೋರು ನೀವು. ಅರ್ಜೀನೂ ಎರಡು ಸಲ ಹಾಕಿರ್ತೀರಿ. ತಿಂಡಿ ತಿನ್ನಿ.”

ಇರಬಹುದು ಎಂದುಕೊಂಡರು ರಾಯರು. ತಮ್ಮ ಮೇಲೆ ಅವರಿಗೆ ಯಾವತ್ತೂ ಅಷ್ಟು ನಂಬಿಕೆಯಿಲ್ಲ.

ಅಷ್ಟರಲ್ಲಿ ಗುಜರಿಯವನು ತಳ್ಳುಗಾಡಿಯೊಂದಿಗೆ ಬಂದ. ವಾರಕ್ಕೊಮ್ಮೆ ತಪ್ಪದೆ ಬರುವ, ಮಾತು ಕಡಿಮೆ, ನಗು ಜಾಸ್ತಿ ಇರುವ ಮನುಷ್ಯ. ರಾಯರು ಕೊನೆಯ ಚೀಲ ಕೊಟ್ಟರು. ಅವನು ಒಂದೊಂದೇ ಚೀಟಿ ತಿರುಗಿಸಿ ಓದಿ, ತಲೆ ಕೆರೆದುಕೊಂಡ.

“ನಾನೂರ ಹನ್ನೊಂದರ ತನಕ ಬಂತಣ್ಣ. ಹಿಂದಿನ ಸೀಟಿನ ಬೂದಿ ತಟ್ಟೆ ಬರ್ಲಿಲ್ವಲ್ಲ?”

“ಅದೊಂದು ಚೆನ್ನಾಗೇ ಇದೆ ಕಣಪ್ಪ. ಅದಕ್ಕೇ ಬದಲಾಯಿಸಿಲ್ಲ.”

“ಓಹ್.” ಅವನ ಮುಖ, ಸರಣಿಯ ಕೊನೆಯ ಸಂಪುಟ ಸಿಗದ ಓದುಗನ ಹಾಗೆ ಸಪ್ಪಗಾಯಿತು. “ಮನಸ್ಸು ಬದಲಾದ್ರೆ ಕೂಗಿ ಅಣ್ಣ.”

ಎಷ್ಟು ಶ್ರದ್ಧೆಯ ಮನುಷ್ಯ ಎಂದು ರಾಯರು ಮೆಚ್ಚಿಕೊಂಡರು. ನಮ್ಮ ಗ್ರಂಥಾಲಯದಲ್ಲಿ ಇಂಥವನು ಒಬ್ಬನಿದ್ದರೆ ಎಂದೂ ಅನಿಸಿತು.

ಹತ್ತು ಗಂಟೆಗೆ ಎಂಜಿನ್ ಚಾಲೂ ಮಾಡುವ ಮುಹೂರ್ತ. ರಾಯರು ಕೀಲಿ ತಿರುಗಿಸಿದರು. ಪೈಲ್ವಾನ ಗಂಟಲು ಸರಿಪಡಿಸಿಕೊಂಡ, ಹಾಡಲಿಲ್ಲ. ಮತ್ತೆ ತಿರುಗಿಸಿದರು. ಕೆಮ್ಮು. ಮತ್ತೆ. ನಿಟ್ಟುಸಿರು.

ಈ ಸದ್ದಿಗೆ ಕಾಯುತ್ತಿದ್ದವರಂತೆ ಗೇರಜ್ಜ ಬಂದರು. ನಿವೃತ್ತ ಬಸ್ ಡ್ರೈವರು. ನಡೆಯುವಾಗಲೂ ಬಲಗೈ ಗೇರು ಬದಲಾಯಿಸುತ್ತಿರುತ್ತದೆ. ಬಾನೆಟ್ಟಿನೊಳಗೆ ತಲೆ ಹಾಕಿ ನೋಡಿದರು. ಡಿಸ್ಟ್ರಿಬ್ಯೂಟರ್ ಎಂಬ ಕಿಡಿ ಹಂಚುವ ಡಬ್ಬಿಯಿಂದ ಎಂಟು ತಂತಿ ಹೊರಟು ಎಂಟು ಸಿಲಿಂಡರಿಗೆ ಹೋಗಿದ್ದವು. ಎಂಟಕ್ಕೂ ಚೀಟಿ.

“ಇದೇನಯ್ಯ ಇದು, ಲಾಂಡ್ರಿ ಬಟ್ಟೆ ಹಾಗೆ! ಈ ಕಾಗದ ಇದ್ರೆ ಗಾಳಿ ಹ್ಯಾಗೆ ಆಡ್ಬೇಕು?” ಎನ್ನುತ್ತಾ ರಾಯರು ‘ಅಜ್ಜಾ’ ಎನ್ನುವುದರೊಳಗೆ ಎಂಟೂ ಚೀಟಿ ಕಿತ್ತು, ಎಂಟೂ ತಂತಿ ಎಳೆದರು.

“ಅಜ್ಜಾ, ಅವು ಸರದಿ ಪ್ರಕಾರ ಇದ್ದವು!”

“ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಸರದಿ ಹೇಳಿಕೊಡ್ತೀಯಾ? ಒಂದರ ಮುಂದೆ ಎರಡು, ಎರಡರ ಮುಂದೆ ಮೂರು. ಒಂದನೇ ಕ್ಲಾಸಿನ ಮಗೂಗೂ ಗೊತ್ತು.” ಹಾಗೆಯೇ ಸಿಕ್ಕಿಸಿ, “ಹ್ಞೂಂ, ಹೊಡಿ!” ಎಂದರು. ಡೀಸೆಲ್ ಬಸ್ಸಿನ ಎಂಜಿನ್ನಿಗೆ ಇಂಥ ಕಿಡಿಯ ತಂತಿಗಳೇ ಇರುವುದಿಲ್ಲ, ಮೂವತ್ತು ವರ್ಷದಲ್ಲಿ ಅಜ್ಜ ಒಂದನ್ನೂ ಮುಟ್ಟಿರಲಿಲ್ಲ ಎಂಬುದು ನಮಗೆ ಆಮೇಲೆ ಗೊತ್ತಾಯಿತು.

ರಾಯರಿಗೆ ಹಿರಿಯರ ಮಾತು ಮೀರಿ ಗೊತ್ತಿಲ್ಲ. ಹೊಡೆದರು.

‘ಢಮಾರ್!’

ಬೀದಿಯ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಗೇರಜ್ಜನ ಕೈಯ ಸ್ಪ್ಯಾನರು ಹಾರಿ ಹೊಸ ಕೆಂಪು ಬಣ್ಣದ ಬಾನೆಟ್ಟಿನ ಮೇಲೆ ಬಿದ್ದು ಒಂದು ಗೇಣು ಗೀರಿತು. ಪಕ್ಕದ ಬ್ಯೂಟಿ ಪಾರ್ಲರಿನಿಂದ, ಮುಖಕ್ಕೆ ಹಸಿರು ಲೇಪ ಬಳಿದುಕೊಂಡ ಗಿರಾಕಿಯೊಬ್ಬರು ಚೀರುತ್ತಾ ಹೊರಬಂದರು. ಅವರನ್ನು ಕಂಡು ಎದುರುಮನೆಯ ನಾಯಿ ಚೀರುತ್ತಾ ಒಳಗೆ ಹೋಯಿತು. ಹಿಂದೆಯೇ ಪಾರ್ಲರಕ್ಕ ಬಾಚಣಿಗೆ ಹಿಡಿದು ಬಂದರು.

“ಯಾರ್ರೀ ಅದು ಬಾಂಬು ಹಾಕಿದ್ದು? ಅರ್ಧ ಹುಬ್ಬು ಹೋಯ್ತಲ್ರೀ ನನ್ನ ಗಿರಾಕೀದು!”

“ಸರದಿ ಸ್ವಲ್ಪ ತಪ್ಪಿರಬಹುದು,” ಎಂದರು ಗೇರಜ್ಜ, ಗಂಭೀರವಾಗಿ, ಮುಖಕ್ಕೆ ಮೆತ್ತಿದ ಮಸಿ ಒರೆಸಿಕೊಳ್ಳುತ್ತಾ.

ರಾಯರು ಬಾನೆಟ್ಟಿನ ಗೀರನ್ನು, ಮಗುವಿನ ಮಂಡಿ ತರಚಿದ್ದನ್ನು ನೋಡುವ ತಾಯಿಯಂತೆ ನೋಡುತ್ತಿದ್ದರು. ಆ ಮುಖ ಕಂಡು ಪಾರ್ಲರಕ್ಕನ ಕೋಪ ಕರಗಿತು. “ಅಯ್ಯೋ, ಅಳಬೇಡಿ ಅಣ್ಣ. ಇಷ್ಟು ತಾನೇ?” ಎಂದು ಒಳಗೆ ಹೋಗಿ ಉಗುರಿನ ಬಣ್ಣದ ಶೀಷೆಗಳನ್ನು ಬುಟ್ಟಿಯಲ್ಲೇ ತಂದರು. ಹನ್ನೊಂದು ಕೆಂಪುಗಳನ್ನು ಹೋಲಿಸಿ, ಒಂದನ್ನು ಆರಿಸಿ, ಎರಡು ಪದರ ಬಳಿದು, ಊದಿ ಒಣಗಿಸಿದರು. ಗೀರು ಮಾಯವಾಯಿತು. ಬಣ್ಣದಲ್ಲಿ ಮಿನುಗುಪುಡಿ ಇತ್ತೆಂಬುದು ಬಿಸಿಲು ಬಿದ್ದಾಗ ಕಂಡಿತು. ಪೈಲ್ವಾನನ ಮೂಗಿನ ಮೇಲೆ ಒಂದು ಗೇಣು ಉದ್ದಕ್ಕೆ ನಕ್ಷತ್ರಗಳು.

“ಚೆಂದವಾಗೇ ಇದೆ,” ಎಂದರು ಹೆಂಡತಿ, ಬೇರೆ ಕಡೆ ನೋಡುತ್ತಾ.

ಆದರೆ ದೊಡ್ಡ ಪೆಟ್ಟು ಇನ್ನೊಂದಿತ್ತು. ಆ ಸ್ಫೋಟದ ಗದ್ದಲದಲ್ಲಿ ಗೇರಜ್ಜನ ಮೊಣಕೈ ತಗುಲಿ ಕಿಡಿ ಹಂಚುವ ಡಬ್ಬಿಯ ಮುಚ್ಚಳ ಸೀಳಿತ್ತು. ಅದಿಲ್ಲದೆ ಎಂಜಿನ್ನಿಲ್ಲ, ಹೊಸದು ತರಿಸಲು ಎರಡು ತಿಂಗಳು ಬೇಕು. ಗಂಟೆ ಒಂದಾಗಿತ್ತು. ಹಳೆಯ ಮುಚ್ಚಳವನ್ನು ಬೆಳಿಗ್ಗೆ ತಾವೇ ಚೀಲಕ್ಕೆ ಹಾಕಿ ಕೊಟ್ಟದ್ದು ರಾಯರಿಗೆ ನೆನಪಾಯಿತು.

“ಗುಲಾಬಿ ಬಂದ್ಬಿಡ್ತು ಕಣೇ,” ಎಂದರು ಕ್ಷೀಣವಾಗಿ.

“ಓಡ್ರೀ!” ಎಂದರು ಹೆಂಡತಿ.

ಓಡಿದರು. ಗುಜರಿಯವನ ಅಂಗಳದ ತಗಡಿನ ಗೇಟು ಮುಚ್ಚಿತ್ತು. ಒಳಗಿನಿಂದ ‘ದಢದಢ ಫುಸ್, ದಢದಢ ಫುಸ್’ ಎಂಬ ಸದ್ದು. ಗೇಟು ಬಡಿದಾಗ ಸದ್ದು ನಿಂತಿತು. ಗುಜರಿಯವನು ಒಂದು ಕಣ್ಣು ಕಾಣುವಷ್ಟು ಮಾತ್ರ ಗೇಟು ತೆರೆದ.

“ಏನಪ್ಪಾ ಅದು ಶಬ್ದ?”

“ಜನರೇಟರಣ್ಣ.”

ರಾಯರು ಏದುಸಿರು ಬಿಡುತ್ತಾ ಕಷ್ಟ ಹೇಳಿಕೊಂಡರು. ಹಳೇ ಮುಚ್ಚಳ ಎಂಬ ಮಾತು ಕೇಳಿದ ಕೂಡಲೇ ಅವನ ನಗು ಸ್ವಲ್ಪ ಮಂಕಾಯಿತು.

“ಅದು... ಕೆಲಸಕ್ಕೆ ಹೋಗಿಬಿಡ್ತಣ್ಣ. ಒಡೆದದ್ದು ಕೊಡಿ ಇಲ್ಲಿ.” ಅದನ್ನು ಒಳಗೆ ಒಯ್ದು ಹತ್ತು ನಿಮಿಷದಲ್ಲಿ ಅಂಟು ಹಾಕಿ, ತಂತಿ ಸುತ್ತಿ, ಗಟ್ಟಿ ಮಾಡಿ ತಂದುಕೊಟ್ಟ. “ಒಳಗೆ ತೇವ ಇತ್ತಣ್ಣ, ಅದಕ್ಕೇ ಬೆಳಿಗ್ಗೆ ಎದ್ದಿಲ್ಲ. ಒರೆಸಿದೀನಿ, ಇವತ್ತಿಗೆ ತೊಂದ್ರೆ ಇಲ್ಲ. ತಂತಿ ಸರದಿ ಮಾತ್ರ ತಪ್ಪಿಸ್ಬೇಡಿ. ಒಂದು, ಎಂಟು, ನಾಲ್ಕು, ಮೂರು, ಆರು, ಐದು, ಏಳು, ಎರಡು.”

ರಾಯರು ಬೆರಗಾದರು. “ಇದೆಲ್ಲ ನಿನಗೆ ಹ್ಯಾಗಪ್ಪಾ ಗೊತ್ತು?”

“ನಿಮ್ಮ ಚೀಟೀಲೇ ಇತ್ತಲ್ಲಣ್ಣ!”

ಓದಿದ್ದನ್ನು ಇಷ್ಟು ನೆನಪಿಟ್ಟುಕೊಳ್ಳುವವನನ್ನು ಕಂಡು ರಾಯರ ಕಣ್ಣು ತೇವವಾಯಿತು. ಗ್ರಂಥಾಲಯದ ಇಡೀ ನೌಕರಿಯಲ್ಲಿ ಅವರ ಚೀಟಿಯನ್ನು ಯಾರೂ ಪೂರ್ತಿ ಓದಿರಲಿಲ್ಲ.

ಮೂರೂವರೆಗೆ, ಗೇರಜ್ಜನನ್ನು ಪಾರ್ಲರಕ್ಕ ಒಂದು ಕುರ್ಚಿಯಲ್ಲಿ ಕೂರಿಸಿ ಕಾವಲು ನಿಂತಿರಲು, ರಾಯರು ಎಂಟೂ ತಂತಿಗಳನ್ನು ಹೇಳಿದ ಸರದಿಯಲ್ಲಿ ಸಿಕ್ಕಿಸಿ, ಕಣ್ಣು ಮುಚ್ಚಿ ಕೀಲಿ ತಿರುಗಿಸಿದರು.

ಪೈಲ್ವಾನ ಎದ್ದ. ಅದು ಕಾರಿನ ಸದ್ದಾಗಿರಲಿಲ್ಲ. ತೃಪ್ತಿಯಾಗಿ ನಿದ್ದೆ ಮಾಡಿದ ಹುಲಿಯೊಂದು ಮೈಮುರಿದಂತಿತ್ತು. ಕಿಟಕಿ ಗಾಜುಗಳು ನಡುಗಿದವು. ನನ್ನ ಎದೆಯೂ ನಡುಗಿತೆಂದು ಹೇಳಲು ನಾಚಿಕೆಯಿಲ್ಲ. ರಾಯರು ಅದನ್ನು ಶೆಡ್ಡಿನಿಂದ ಬೀದಿಗೆ ಇಳಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಅರ್ಧ ಹುಬ್ಬಿನ ಗಿರಾಕಿಯೂ ತಟ್ಟಿದರು. ಹೆಂಡತಿ ಸೆರಗಿನಿಂದ ಕನ್ನಡಿ ಒರೆಸಿ, ಹಾಗೇ ಗಂಡನ ಮೂಗಿನ ಮೇಲಿನ ಗ್ರೀಸನ್ನೂ ಒರೆಸಿದರು.

ನಾಲ್ಕಕ್ಕೆ ಸರಿಯಾಗಿ ಷಡ್ಡಕನ ಲಾರಿ ಬಂತು. ಮುಂದೆ ಮಾವ, ಹಿಂದೆ ಆರು ಗುಲಾಬಿ ಸಸಿ, ಎರಡು ಮೂಟೆ ಮಣ್ಣು. ಕಾರನ್ನು ಕಂಡು ಷಡ್ಡಕನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮಾವ ಮಾತ್ರ ಕಣ್ಣು ಕಿರಿದು ಮಾಡಿ, “ಯಾರದಪ್ಪಾ ಈ ಕಾರು?” ಎಂದರು.

“ನಿಮ್ಮದೇ ಮಾವ!”

“ಹೌದಾ? ಗುರುತೇ ಸಿಗಲ್ಲ.” ಹೊಗಳಿಕೆ ಎಂದುಕೊಂಡು ರಾಯರು ಹಿಗ್ಗಿದರು.

ತಪಾಸಕರು ಸೈಕಲ್ಲಿನಲ್ಲಿ ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಭೂತಗನ್ನಡಿ, ಕಂಕುಳಲ್ಲಿ ಫೈಲು. ಕಾರನ್ನು ಒಂದು ಸುತ್ತು ಬಂದು, ಮೂಗಿನ ಮೇಲಿನ ನಕ್ಷತ್ರಗಳ ಹತ್ತಿರ ನಿಂತು, ಭೂತಗನ್ನಡಿ ಒರೆಸಿಕೊಂಡು ಮುಂದೆ ಹೋದರು.

“ಮಡ್‌ಗಾರ್ಡು?”

“ಹೊಸದು ಸಾರ್.”

“ಬಾಗಿಲು?”

“ಹೊಸದು ಸಾರ್. ಎರಡೂ.”

“ಎಂಜಿನ್ ಬ್ಲಾಕು?”

“ಹಳೇದರಲ್ಲಿ ಬಿರುಕಿತ್ತು ಸಾರ್.”

“ಚಾಸಿ ನಂಬರ್ ಕೊರೆದ ತಗಡು ಎಲ್ಲಿ?”

“ಅಂಚಿಗೆ ತುಕ್ಕು ಬಂದಿತ್ತು ಸಾರ್. ಹೊಸ ತಗಡು ಹಾಕಿ, ಅದೇ ನಂಬರನ್ನು ದುಂಡಗೆ ಬಣ್ಣದಲ್ಲಿ ಬರೆದಿದ್ದೀನಿ.”

ತಪಾಸಕರು ಫೈಲು ಮುಚ್ಚಿದರು. “ಸ್ವಾಮಿ, ಇದರಲ್ಲಿ ಹಳೇದು ಅಂತ ಏನಾದ್ರೂ ಇದೆಯಾ?”

ರಾಯರು ಕಾರನ್ನು ಮೂತಿಯಿಂದ ಬಾಲದವರೆಗೆ ಒಮ್ಮೆ ನೋಡಿಕೊಂಡು ಬಂದರು. “ಹಿಂದಿನ ಸೀಟಿನ ಬೂದಿ ತಟ್ಟೆ, ಸಾರ್.”

“ಕೆಲಸ ಅದ್ಭುತ. ಇಷ್ಟು ಚೆನ್ನಾಗಿ ಮಾಡಿದ್ದು ನಾನು ಕಂಡಿಲ್ಲ,” ಎಂದರು ತಪಾಸಕರು, ನಿಜವಾದ ಬೇಸರದಿಂದ. “ಆದ್ರೆ ಇದು ಆ ಕಾರಲ್ಲ. ಸರಿ, ಅದೇ ನಂಬರಿನ ಎರಡನೇ ಅರ್ಜಿ ಇದೆಯಲ್ಲ, ಆ ಕಾರು ಎಲ್ಲಿ?”

“ಎರಡನೇ ಅರ್ಜಿಯಾ?”

‘ದಢದಢ ಫುಸ್, ದಢದಢ ಫುಸ್.’

ಬೀದಿಯ ತಿರುವಿನಿಂದ ಅದು ಬಂತು. ಮಾರುದ್ದದ ಮೂತಿ, ಎರಡು ಬಾಗಿಲು, ಮೈಯೆಲ್ಲ ತುಕ್ಕು, ಜರಡಿಯಂಥ ಮಡ್‌ಗಾರ್ಡು, ಹಿಂದೆ ಒಂದು ಹೊಗೆಯ ಮೋಡ. ಬಾಗಿಲಿನಿಂದ, ಬಂಪರಿನಿಂದ, ಕನ್ನಡಿಯಿಂದ, ಚಕ್ರದಿಂದ ನಾನೂರ ಹನ್ನೊಂದು ಚೀಟಿಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಸ್ಟೇರಿಂಗಿನ ಹಿಂದೆ ಗುಜರಿಯವನು, ಕಿವಿಯಿಂದ ಕಿವಿಗೆ ನಗು.

“ಕ್ಷಮಿಸಿ, ಸ್ವಲ್ಪ ತಡವಾಯ್ತು. ಬೆಳಿಗ್ಗೆ ತಾನೇ ಮುಚ್ಚಳ ಸಿಕ್ತು,” ಎನ್ನುತ್ತಾ ಇಳಿದ. ರಾಯರ ಕಡೆ ತಿರುಗಿ, “ಅಣ್ಣಾ, ನಿಮ್ಮ ಚೀಟಿ ಇಲ್ದಿದ್ರೆ ಆಗ್ತಾನೇ ಇರ್ಲಿಲ್ಲ. ಎಲ್ಲಿ ಕೂತಿತ್ತು, ಯಾವ ಬೋಲ್ಟು, ಎಷ್ಟು ಬಿಗಿ, ಎಲ್ಲಾ ಇತ್ತು! ಬಿರುಕಿಗೆ ಮಾತ್ರ ನಾನು ಬೆಸುಗೆ ಹಾಕಿದೆ. ನಿಮಗೆ ಹೇಳ್ಬೇಕು ಅಂತ ಎಷ್ಟೋ ಸಲ ಬಾಯಿಗೆ ಬಂತಣ್ಣ. ನಿಮ್ಮದು ಮುಗೀಲಿ, ಇಬ್ಬರೂ ಒಟ್ಟಿಗೆ ತೋರಿಸೋಣ ಅಂದ್ಕೊಂಡೆ.”

ತಪಾಸಕರು ಆಗಲೇ ನೆಲಕ್ಕೆ ಬಿದ್ದು ಕಾರಿನ ಕೆಳಗೆ ತೆವಳುತ್ತಿದ್ದರು. ಅಲ್ಲಿಂದ ಹಬ್ಬದೂಟಕ್ಕೆ ಕೂತವರ ಹಾಗೆ “ಆಹಾ! ಓಹೋ!” ಕೇಳುತ್ತಿತ್ತು. ಅಷ್ಟರಲ್ಲಿ ಮಾವ ಕೋಲೂರಿಕೊಂಡು ಹೋಗಿ ತುಕ್ಕು ಹಿಡಿದ ಬಾಗಿಲು ಎಳೆದು ಸೀಟಿನಲ್ಲಿ ಕೂತರು. ಕೂತವರು ಚಂಗನೆ ಎಗರಿದರು.

“ಇದೇ! ಇದೇ ಸ್ಪ್ರಿಂಗು! ಹರೆಯದಲ್ಲೆಲ್ಲ ಚುಚ್ಚಿದ್ದು ಇದೇ! ಇದು ನನ್ನ ಕಾರು!” ಕಣ್ಣಲ್ಲಿ ನೀರು, ಬಾಯಲ್ಲಿ ನಗು.

“ಮಾವಾ, ಕಾಗದದಲ್ಲಿ ಅಳಿಯನಿಗೆ ಅಂತ ಅಲ್ವಾ ಬರೆದದ್ದು?” ಎಂದ ಷಡ್ಡಕ.

ಮಾವ ಜೇಬಿನಿಂದ ಕಾಗದ ತೆಗೆದು ಓದಿದರು. “‘ಎಬ್ಬಿಸಿ, ಬರೆಸಿಕೊಂಡವನಿಗೆ’ ಅಂತಿದೆ. ಅಳಿಯ ಅಂತ ಇಲ್ಲ. ನೀವಿಬ್ಬರನ್ನು ಬಿಟ್ಟು ಇನ್ಯಾರು ಈ ಗೋಳಿಗೆ ಬರ್ತಾರೆ ಅಂದ್ಕೊಂಡಿದ್ದೆ.”

ಗುಜರಿಯವನ ಹೆಸರಿಗೆ ಪತ್ರ ಸಿದ್ಧವಾಯಿತು. ತಪಾಸಕರು ಸಹಿ ಹಾಕುವ ಮೊದಲು ಒಂದು ಕ್ಷಣ ತಡೆದು, “ಒಂದೇ ಒಂದು ಸಾಮಾನು ಕಡಿಮೆ ಇದೆಯಲ್ಲ,” ಎಂದರು. ಎಲ್ಲರೂ ರಾಯರನ್ನು ನೋಡಿದರು. ರಾಯರು ನಿಧಾನವಾಗಿ ತಮ್ಮ ಹೊಳೆಯುವ ಕಾರಿನ ಹಿಂದಿನ ಸೀಟಿಗೆ ಬಗ್ಗಿ, ಬೂದಿ ತಟ್ಟೆ ಬಿಚ್ಚಿ ತಂದರು. ಕೊಡುವ ಮೊದಲು ಜೇಬಿನಿಂದ ಚೀಟಿ ತೆಗೆದು, ‘ನಾನೂರ ಹನ್ನೆರಡು’ ಎಂದು ಬರೆದು, ತಂತಿ ಕಟ್ಟಿದರು.

“ಹಾಗಾದ್ರೆ ಇದು?” ಎಂದು ಹೆಂಡತಿ ಕೆಂಪು ಕಾರನ್ನು ತೋರಿಸಿ ತಪಾಸಕರನ್ನು ಕೇಳಿದರು.

“ಇದಕ್ಕೆ ನಂಬರಿಲ್ಲ ತಾಯಿ. ನಂಬರಿಲ್ಲದ್ದು ರಸ್ತೆಗೆ ಇಳಿಯೋ ಹಾಗಿಲ್ಲ. ಶೆಡ್ಡಿನೊಳಗೆ ಎಷ್ಟು ಬೇಕಾದ್ರೂ ಓಡಿಸಬಹುದು.”

ಷಡ್ಡಕ ಕೆಂಪು ಬಾನೆಟ್ಟಿನ ಮೇಲೆ ಕೈಯಾಡಿಸಿದ. “ಇದು ಆ ಕಾರಲ್ಲ ಅಂದ್ಮೇಲೆ ನನಗೂ ಬರಲ್ಲ. ಬಂದಿದ್ರೂ ಇದಕ್ಕೆ ಮಣ್ಣು ತುಂಬೋಕೆ ಕೈ ಬರ್ತಿರ್ಲಿಲ್ಲ ಭಾವ,” ಎಂದು ಒಂದು ಗುಲಾಬಿ ಸಸಿಯನ್ನು ಶೆಡ್ಡಿನ ಬಾಗಿಲಲ್ಲಿ ಇಟ್ಟು ಲಾರಿ ಹತ್ತಿದ. ಮಾವ ಅಳಿಯನ ಭುಜ ತಟ್ಟಿ, “ಬಲ್ಬಿನ ಮಾತು ವಾಪಸ್ ತಗೊಂಡಿದ್ದೀನಿ ಅಳಿಯಂದ್ರೇ,” ಎಂದರು. ಅಷ್ಟು ಹೇಳಿ ಹೋಗಿ ಮತ್ತೆ ಹಳೇ ಸ್ಪ್ರಿಂಗಿನ ಮೇಲೆಯೇ ಕೂತರು.

ಎಲ್ಲರೂ ಚದುರಿದ ಮೇಲೆ ಗುಜರಿಯವನು ಸಂಕೋಚದಿಂದ ರಾಯರ ಹತ್ತಿರ ಬಂದ.

“ಅಣ್ಣಾ, ತಪ್ಪು ತಿಳ್ಕೋಬೇಡಿ. ಮನೆ ತನಕ ಹೋಗುತ್ತೋ ಇಲ್ವೋ ಅನ್ನೋ ಸ್ಥಿತೀಲಿದೆ ಇದು. ಬ್ರೇಕು ಹಿಡಿಯಲ್ಲ. ನೆಲದಲ್ಲಿ ತೂತು, ಕಾಲು ರಸ್ತೆಗೆ ತಾಗುತ್ತೆ. ನಿಮ್ಮಷ್ಟು ಚೆನ್ನಾಗಿ ಮಾಡೋರು ಬೇರೆ ಯಾರಿದಾರೆ? ನೀವೇ ಸ್ವಲ್ಪ... ಬಿಚ್ಚಿ ನೋಡ್ತೀರಾ?”

ಹೆಂಡತಿ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತರು. “ಬೇಡ ರೀ. ನನ್ನಾಣೆ ಬೇಡ.”

ರಾಯರು ಬೇಡವೆಂದೇ ತಲೆಯಾಡಿಸಿದರು. ಆದರೆ ಅವರ ಕಣ್ಣು ಆಗಲೇ ತುಕ್ಕು ಹಿಡಿದ ಮಡ್‌ಗಾರ್ಡಿನ ಮೇಲಿತ್ತು. ಕೈ ಆಗಲೇ ಜೇಬಿನಲ್ಲಿ ಖಾಲಿ ಚೀಟಿಗಳನ್ನು ಎಣಿಸುತ್ತಿತ್ತು.

ಈಗ ಆ ಶೆಡ್ಡಿನಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಂತಿವೆ. ಒಂದು ಹೊಳೆಯುತ್ತದೆ, ಓಡುವಂತಿಲ್ಲ. ಇನ್ನೊಂದು ಓಡಬಹುದು, ಬಿಚ್ಚಿಟ್ಟಿದ್ದಾರೆ. ಗುಜರಿಯವನು ವಾರಕ್ಕೊಮ್ಮೆ ಬಂದು ತನ್ನದೇ ಕಾರಿನ ಹಳೇ ಭಾಗಗಳನ್ನು ಚೀಟಿ ಸಮೇತ ಒಯ್ಯುತ್ತಾನೆ. ಅವುಗಳನ್ನು ಏನು ಮಾಡುತ್ತಿದ್ದಾನೆಂದು ನಾನು ಕೇಳಲಿಲ್ಲ. ಎರಡರಲ್ಲಿ ಮಾವನ ಕಾರು ನಿಜವಾಗಿ ಯಾವುದು ಎಂದು ಗೇರಜ್ಜನನ್ನು, ಪಾರ್ಲರಕ್ಕನನ್ನು, ಒಮ್ಮೆ ಧೈರ್ಯ ಮಾಡಿ ರಾಯರನ್ನೂ ಕೇಳಿದೆ. ಮೂವರೂ ಮೂರು ಹೇಳಿದರು. ನನಗಂತೂ ಗೊತ್ತಿಲ್ಲ.